ಮುಟ್ಟಿತೇನ್ರಿ ಎಂದು ಕೇಳುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾಗಿದ್ದು ಹನ್ನೆರಡು ದಿನ ತಡವಾಗಿ. ಅದೂ ಹೊಸಪೇಟೆಯ ತರಕಾರಿ ಮಾರ್ಕೆಟ್ಟಿನಲ್ಲಿ, ಕೈಯಲ್ಲೊಂದು ಸೋರೆಕಾಯಿ ಹಿಡಿದು ಎಳಸೋ ಬಲಿತದ್ದೋ ಎಂದು ಉಗುರಿನಲ್ಲಿ ನೋಡುತ್ತಿದ್ದಾಗ. ಹೇಳಿದವಳು ನಮ್ಮ ಹಳೆಯ ದವಾಖಾನೆಯ ನರ್ಸು. "ನಿಮ್ಮ ವೈರಿನ ಸಾಹೇಬ್ರು ಹೋದ್ರಂತ, ಗೊತ್ತಾಗಲಿಲ್ಲೇನ್ರಿ?" ಅಂದಳು. ಸೋರೆಕಾಯಿಯನ್ನು ಅಲ್ಲೇ ಇಟ್ಟು ಮನೆಗೆ ಬಂದೆ.

ದುಃಖ ಆಯಿತು. ಅದಕ್ಕೂ ಮೊದಲು ಹೆದರಿಕೆ ಆಯಿತು. ಅವರಿಗೆ ನಾನು ಒಂದು ಮಾತು ಹೇಳುವುದಿತ್ತು. ಒಬ್ಬ ಹೆಂಗಸಿನ ಸಾವಿನ ಮಾತು ಅದು. ಆ ಸಾವನ್ನು ಅವರು ತಮ್ಮ ತಪ್ಪೆಂದು ತಲೆಯ ಮೇಲೆ ಹೊತ್ತು ತಿರುಗಿದರು. ಅದರಲ್ಲಿ ನನ್ನ ಪಾಲು ಅರ್ಧಕ್ಕಿಂತ ಹೆಚ್ಚಿತ್ತು. ಹೇಳಲಿಕ್ಕೆ ಏಳೆಂಟು ವರ್ಷ ಸಮಯವಿತ್ತು, ಹೇಳಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ, ಅವರ ಹೆಸರು ಬಿಟ್ಟು. ಹೇಗಿದ್ದರೂ ನಾವ್ಯಾರೂ ಅವರನ್ನು ಹೆಸರಿಟ್ಟು ಕರೆದವರಲ್ಲ.

ಗಣಿಯ ದುಡ್ಡು ನಮ್ಮ ಕಡೆ ಹೊಳೆಯಂತೆ ಹರಿದ ಕಾಲ ಅದು. ಸಂಡೂರಿನ ಗುಡ್ಡದ ಬುಡದಲ್ಲಿ ಗಣಿಯವರು ಕೆಲವರು ಸೇರಿ ಕೂಲಿಗಳಿಗೆಂದು ಒಂದು ಸಣ್ಣ ದವಾಖಾನೆ ನಡೆಸುತ್ತಿದ್ದರು. ನಾನಲ್ಲಿ ಎಕ್ಸ್‌ರೇ ತೆಗೆಯುವವಳು. ಬೆಳಿಗ್ಗೆ ಹೊಸಪೇಟೆಯಿಂದ ಬಿಳಿ ದುಪಟ್ಟಾ ಹೊದ್ದು ಹೊರಟರೆ ಸಂಜೆ ಅದು ಅದಿರಿನ ಧೂಳಿಗೆ ಕುಂಕುಮದ ಬಣ್ಣಕ್ಕೆ ತಿರುಗಿರುತ್ತಿತ್ತು. ಆ ಧೂಳು ಕಂಪ್ಯೂಟರಿನ ಒಳಗೂ ಹೋಗುತ್ತಿತ್ತು, ಜನರ ಎದೆಯೊಳಗೂ ಹೋಗುತ್ತಿತ್ತು. ಎರಡಕ್ಕೂ ರಿಪೇರಿ ನಡೆಯುವುದು ನಮ್ಮಲ್ಲೇ.

ಕಂಪ್ಯೂಟರ್ ರಿಪೇರಿಗೆ ಬರುತ್ತಿದ್ದವರು ಅವರು. ಮೊದಲು ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ದುಡಿದು, ಅವಧಿಗೆ ಮೊದಲೇ ನಿವೃತ್ತಿ ತಗೊಂಡು, ಐವತ್ತರ ಹತ್ತಿರದ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತವರು. ಕುಳ್ಳನೆಯ ಆಳು. ಒಂದು ಮೊಪೆಡ್, ಒಂದು ಖಾಕಿ ಚೀಲ. ಆ ಚೀಲದಲ್ಲಿ ಲೈನ್‌ಮನ್‌ಗಳು ಕಂಬ ಹತ್ತಿ ಲೈನ್ ಪರೀಕ್ಷೆ ಮಾಡುತ್ತಿದ್ದ ಹಳೆಯ ರಿಸೀವರ್ ಒಂದು ಸದಾ ಇರುತ್ತಿತ್ತು. ಅದರಿಂದ ಈಗ ಏನುಪಯೋಗ ಎಂದು ಕೇಳಿದರೆ, "ಅದನ್ನ ಬಿಟ್ಟ್ ಬಂದ್ರ ಚೀಲ ಹಗುರ ಅನಿಸ್ತೈತ್ರಿ, ಸಮಾಧಾನ ಆಗಂಗಿಲ್ಲ" ಅನ್ನುತ್ತಿದ್ದರು.

ಕೋಣೆಯ ಹೊರಗೆ ಚಪ್ಪಲಿ ಬಿಡುತ್ತಿದ್ದರು. ಕುರ್ಚಿ ಕೊಟ್ಟರೆ ಕೂಡುತ್ತಿರಲಿಲ್ಲ. "ತಂತಿ ಕೆಳಗ ಐತಿ, ನಾ ಮ್ಯಾಲ ಕುಂತು ಏನ್ ಮಾಡ್ಲಿ?" ಎಂದು ನೆಲದ ಮೇಲೆ ಚಕ್ಕಳಬಕ್ಕಳ ಹಾಕುತ್ತಿದ್ದರು. ಕೀಬೋರ್ಡ್ ಮುಟ್ಟುವ ಮೊದಲು ಗೋಡೆಯಿಂದ ಹೊರಟ ತಂತಿಯನ್ನು ಎರಡು ಬೆರಳಿನ ನಡುವೆ ಹಿಡಿದು ಕಂಪ್ಯೂಟರಿನ ಬೆನ್ನಿನವರೆಗೂ ಸವರಿಕೊಂಡು ಬರಬೇಕು. ಅದರಲ್ಲೂ ಒಂದೇ ಕಂಪ್ಯೂಟರಿಗೆ ತಂತಿ ಚುಚ್ಚುವ ನೆಟ್‌ವರ್ಕ್ ಕಾರ್ಡು ಎರಡು ಮೂರು ಇದ್ದರೆ ಅವರಿಗೆ ಎಲ್ಲಿಲ್ಲದ ಹುರುಪು. ಒಳಗಿನ ತಂತಿಗೆ ಹಸಿರು ಉಣ್ಣೆ, ಹೊರಗಿನದಕ್ಕೆ ಕೆಂಪು ಉಣ್ಣೆ ಕಟ್ಟುತ್ತಿದ್ದರು. ಹೆಂಡತಿ ಸ್ವೆಟರ್ ಹೆಣೆದು ಉಳಿದ ಉಣ್ಣೆ ಅದು. ಆಮೇಲೆ ಒಂದು ತಂತಿ ಕಿತ್ತು ನೋಡುವುದು, ಅದನ್ನು ಹಾಕಿ ಇನ್ನೊಂದು ಕಿತ್ತು ನೋಡುವುದು. "ಎರಡು ತಂತಿ ಇದ್ದಲ್ಲಿ ತಂತಿ ಕೆಟ್ಟಿರೂದು ಕಮ್ಮಿ. ಯಾವ ಕಡೆ ಹೋಗ್ಬೇಕು ಅನ್ನೂದು ಅದಕ್ಕ ತಿಳಿದಿರಂಗಿಲ್ಲ. ಮೊದಲು ನಿನ್ನ ದಾರಿ ಯಾವುದಪಾ ಅಂತ ಅದನ್ನ ಕೇಳ್ಬೇಕು." ಕಪ್ಪು ಪರದೆಯ ಮೇಲೆ ಏನೋ ಕುಟ್ಟಿ ನಿಜವಾಗಿಯೂ ಕೇಳುತ್ತಿದ್ದರು. ಅದು ಸಾಲು ಸಾಲು ಅಂಕಿಗಳಲ್ಲಿ ಉತ್ತರ ಕೊಡುತ್ತಿತ್ತು. ಅವರು ಆ ಅಂಕಿಗಳನ್ನು ಓದುವಾಗ ತುಟಿ ಅಲ್ಲಾಡುತ್ತಿತ್ತು.

ಹಂಪಿ ಬಜಾರಿನಲ್ಲಿ ಅವರು ಮಾಡಿದ ಒಂದು ಕೆಲಸವನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ಭಾನುವಾರ ಅಕ್ಕನ ಮಕ್ಕಳ ಜೊತೆ ಹೋಗಿದ್ದೆ. ಕಲ್ಲಿನ ಮಂಟಪದ ಪಕ್ಕದ ಇಂಟರ್ನೆಟ್ ಅಂಗಡಿಯಲ್ಲಿ ಇವರು ನೆಲದ ಮೇಲೆ ಕೂತಿದ್ದರು. ಅಂಗಡಿಯವನು ಜಲ್ದಿ ಓಡಲಿ ಎಂದು ಎರಡನೆಯ ಲೈನ್ ಹಾಕಿಸಿ, ಎರಡನ್ನೂ ಒಂದೇ ಕಂಪ್ಯೂಟರಿಗೆ ಚುಚ್ಚಿದ್ದ. ಈಗ ಎರಡೂ ಓಡುತ್ತಿರಲಿಲ್ಲ. ಇವರು ಒಂದನ್ನು ಕಿತ್ತರು, ಓಡಿತು. ಅಂಗಡಿಯವನಿಗೆ ಸಿಟ್ಟು. "ಎರಡು ಹಾಕಿದ್ದು ಒಂದನ್ನ ಕೀಳಾಕೇನು?" ಅಂದ. ಇವರು ನಿಧಾನವಾಗಿ ಎರಡಕ್ಕೂ ದಾರಿ ಹೇಳಿಕೊಟ್ಟು ಮತ್ತೆ ಹಚ್ಚಿದರು. ಕೆಲಸ ಮುಗಿಯಿತಲ್ಲ, ಏಳಬೇಕೋ ಬೇಡವೋ? ಏಳಲಿಲ್ಲ. ಅಲ್ಲಿದ್ದ ಒಬ್ಬ ಬಿಳಿ ಹುಡುಗಿ ತನ್ನ ತಾಯಿಗೆ ಪತ್ರ ಕಳಿಸಿದ್ದಳು. ಅದು ತಾಯಿಗೆ ಮುಟ್ಟಿತೆಂದು ತಾಯಿಯೇ ಹೇಳಬೇಕು, ಅಲ್ಲಿಯವರೆಗೆ ತಾನು ಹೋಗುವುದಿಲ್ಲ ಎಂದು ಹಟ ಹಿಡಿದು ಕೂತರು. ಆ ದೇಶದಲ್ಲಿ ಆಗ ಎಷ್ಟು ಗಂಟೆಯೋ, ತಾಯಿ ಮಲಗಿದ್ದಾಳೋ ಎದ್ದಿದ್ದಾಳೋ. ಒಂದೂವರೆ ತಾಸು, ಮೂರು ಚಹಾ. ಕೊನೆಗೆ ಉತ್ತರ ಬಂತು. "ಮುಟ್ಟಿತೇನ್ರಿ?" ಎಂದು ಆ ಹುಡುಗಿಯನ್ನು ಕನ್ನಡದಲ್ಲೇ ಕೇಳಿದರು. ಅವಳು ನಕ್ಕು ತಲೆ ಆಡಿಸಿದಳು. ಆಗ ಎದ್ದು ಚಪ್ಪಲಿ ಹಾಕಿಕೊಂಡರು.

ಊರೆಲ್ಲ ಇದನ್ನು ಹೇಳಿ ನಗುತ್ತಿತ್ತು. ಕಂಪ್ಲಿಯ ರೈಸ್ ಮಿಲ್ಲಿನವರು, ಮರಿಯಮ್ಮನಹಳ್ಳಿಯ ಲಾರಿ ಆಫೀಸಿನವರು, ಎಲ್ಲರೂ. "ಅವರನ್ನ ಕರೆಸಿದ್ರ ಊಟಕ್ಕೂ ಅಕ್ಕಿ ಇಡಬೇಕು ನೋಡ್ರಿ." ನಾನು ಮಾತ್ರ ನಗುತ್ತಿರಲಿಲ್ಲ. ಅವರಿಗೆ ಆ ಚಟ ಎಲ್ಲಿಂದ ಹತ್ತಿತು ಎಂದು ನನಗೆ ಗೊತ್ತಿತ್ತು.

ಮೊದಲು ಅವರು ಹಾಗಿರಲಿಲ್ಲ. ಪಿಂಗ್ ಎನ್ನುವುದೊಂದಿದೆ. ಇಲ್ಲಿಂದ ಒಂದು ಕೂಗು ಹಾಕಿ, ಆ ಕಡೆಯ ಯಂತ್ರ ಓಗೊಡುತ್ತದೆಯೇ ಎಂದು ನೋಡುವುದು. ಓಗೊಟ್ಟಿತೆಂದರೆ ಅವರ ಕೆಲಸ ಮುಗಿಯಿತು. "ಓ ಅಂತಲ್ರಿ, ಮತ್ತೇನ್ ಬೇಕು?" ಎಂದು ಚೀಲ ಹೆಗಲಿಗೇರಿಸುತ್ತಿದ್ದರು.

ನಮ್ಮ ದವಾಖಾನೆಗೆ ಹೊಸ ವ್ಯವಸ್ಥೆ ಬಂದಾಗಲೂ ಹಾಗೇ ಆಯಿತು. ನಮ್ಮಲ್ಲಿ ಎದೆಯ ಫಿಲ್ಮು ಓದಬಲ್ಲ ಡಾಕ್ಟರು ಇರಲಿಲ್ಲ. ಮಾಳಿಗೆಯ ಮೇಲೆ ಒಂದು ಉಪಗ್ರಹದ ಡಿಶ್ ಕೂಡಿಸಿದರು. ನಾನು ಫಿಲ್ಮನ್ನು ಒಂದು ಯಂತ್ರದೊಳಗೆ ತೂರಿಸಿದರೆ ಅದು ಚಿತ್ರವಾಗಿ ಕಂಪ್ಯೂಟರಿಗೆ ಬರಬೇಕು, ಅಲ್ಲಿಂದ ಡಿಶ್ಶಿನ ಮೂಲಕ ದೂರದ ನಗರದ ದೊಡ್ಡ ಡಾಕ್ಟರಿಗೆ ಹೋಗಬೇಕು. ಕಂಪ್ಯೂಟರಿಗೆ ಎರಡು ಕಾರ್ಡು. ಹಸಿರು ಉಣ್ಣೆಯ ತಂತಿ ಫಿಲ್ಮು ಓದುವ ಯಂತ್ರಕ್ಕೆ, ಕೆಂಪು ಉಣ್ಣೆಯ ತಂತಿ ಡಿಶ್ಶಿಗೆ. ಹಚ್ಚಿದವರು ಇವರೇ. ಪಿಂಗ್ ಮಾಡಿದರು, ಓ ಅಂದಿತು. ಮೊದಲ ಚಿತ್ರವೂ ಹೋಯಿತು. ನಾವೆಲ್ಲ ಮಿರ್ಚಿ ಮಂಡಕ್ಕಿ ತರಿಸಿ ತಿಂದೆವು.

ದೊಡ್ಡ ಡಾಕ್ಟರು ಭಾಳ ಕೆಲಸದವರು. ಅವರು ಮೊದಲೇ ಒಂದು ಮಾತು ಹೇಳಿದ್ದರು: ಎಲ್ಲದಕ್ಕೂ ಫೋನ್ ಮಾಡಲಿಕ್ಕಾಗುವುದಿಲ್ಲ, ಏನಾದರೂ ಕೆಟ್ಟದ್ದು ಕಂಡರೆ ಮಾತ್ರ ಮಾಡುತ್ತೇನೆ, ಫೋನ್ ಬರಲಿಲ್ಲವೆಂದರೆ ಎಲ್ಲಾ ಸರಿಯಿದೆ ಎಂದು ತಿಳಿದುಕೊಳ್ಳಿ. ನಮಗೂ ಅದು ಸುಲಭವಾಯಿತು. ಎಂಟು ದಿನ ಬಿಟ್ಟು ಬಂದವರಿಗೆ, "ಫೋನ್ ಬಂದಿಲ್ಲ, ಹಂಗಾದ್ರ ಚೊಲೋ ಐತಿ, ಹೋಗ್ರಿ" ಅಂದುಬಿಡುವುದು. ನಡುನಡುವೆ ಒಂದೆರಡು ಫೋನ್ ಬರುತ್ತಲೂ ಇದ್ದವು. ಒಬ್ಬ ಲಾರಿ ಡ್ರೈವರನನ್ನು ಹಾಗೆ ಹುಡುಕಿ ಕರೆಸಿ ಔಷಧ ಶುರು ಮಾಡಿಸಿದ್ದೆವು. ಹೀಗಾಗಿ ಫೋನ್ ಬಾರದಿದ್ದುದರ ಮೇಲೆ ನಮಗೆ ಪೂರಾ ನಂಬಿಕೆ ಕೂತಿತ್ತು.

ಹುಲಿಗೆವ್ವ ಅದಿರು ಪುಡಿ ಮಾಡುವ ಕ್ರಷರಿನಲ್ಲಿ ಜರಡಿ ಹಿಡಿಯುವ ಕೆಲಸದವಳು. ನಲವತ್ತರ ಆಸುಪಾಸು, ಕಂಪ್ಲಿಯ ಕಡೆಯವಳು. ಗಂಡ ಇಲ್ಲ, ಮಕ್ಕಳಿಲ್ಲ. ಕೆಮ್ಮು ಎರಡು ತಿಂಗಳಿಂದ ಇತ್ತು. ಎಕ್ಸ್‌ರೇ ತೆಗೆಯುವಾಗ ಉಸಿರು ಹಿಡಿಯಿರಿ ಅಂದರೆ ಹಿಡಿಯಲಾಗದೆ ನಕ್ಕಳು. ನಾಲ್ಕನೆಯ ಸಲಕ್ಕೆ ಫಿಲ್ಮು ಸರಿಯಾಗಿ ಬಂತು. ಕಳಿಸಿದೆ. ಪರದೆಯ ಮೇಲೆ ಹಸಿರು ಟಿಕ್ ಬಿತ್ತು.

ಎಂಟು ದಿನಕ್ಕೆ ಬಂದಳು. ಫೋನ್ ಬಂದಿಲ್ಲ, ಚೊಲೋ ಐತಿ ಅಂದೆ. ಹೋದಳು. ಹತ್ತು ದಿನ ಬಿಟ್ಟು ಮತ್ತೆ ಬಂದಳು, ಅದೇ ಮಾತು ಹೇಳಿದೆ. ಮೂರನೆಯ ಸಲ ಬಂದಾಗ ಕರೆಂಟು ಹೋಗಿ ಬಂದಿತ್ತು, ಹೊರಗೆ ಜನ ಸಾಲುಗಟ್ಟಿದ್ದರು, ನನ್ನ ತಲೆ ಸಿಡಿಯುತ್ತಿತ್ತು.

"ಅಕ್ಕಾರ, ಫೋನ್ ಬಂದೇ ಇಲ್ಲಂದ್ರ ಅವರು ನೋಡ್ಯಾರೋ ಇಲ್ಲೋ ಹ್ಯಾಂಗ ತಿಳೀತೈತ್ರಿ?" ಅಂದಳು. "ನಮ್ಮ ತಂಗಿ ಮಗ ಬಳ್ಳಾರಿ ದವಾಖಾನಿಗೆ ಕರ್ಕೊಂಡು ಹೋಗ್ತೀನಿ ಬಾ ಅಂದಾನ. ಹೋಗ್ಲ್ಯಾ?"

ಓದು ಬರಹ ಬಾರದ ಆ ಹೆಂಗಸು ಕೇಳಿದ ಪ್ರಶ್ನೆಯನ್ನು ನಾವು ಓದಿದವರು ಯಾರೂ ಕೇಳಿರಲಿಲ್ಲ. ನನಗೆ ಆಗ ಅದು ತಲೆಹರಟೆ ಅನಿಸಿತು. "ಫೋನ್ ಬಂದಿತ್ತು ನಿನ್ನೆ," ಅಂದುಬಿಟ್ಟೆ. "ಏನೂ ಇಲ್ಲಂತ, ಎಲ್ಲಾ ಚೊಲೋ ಐತಂತ. ಬಳ್ಳಾರಿಗ್ಯಾಕ ಹೋಗ್ತೀರಿ, ಸುಮ್ನ ಕೂಲಿ ಕಳಕೊಳ್ಳಾಕ?" ಅವಳ ಮುಖ ಅರಳಿತು. ಕೈ ಮುಗಿದು ಹೋದಳು.

ಸುಳ್ಳು ಹೇಳಿದೆ ಎಂದು ನನಗೆ ಆಗ ಅನಿಸಲೇ ಇಲ್ಲ. ಹೇಗಿದ್ದರೂ ಚೊಲೋ ಇದೆಯಲ್ಲ, ಎರಡು ಮಾತು ಹೆಚ್ಚು ಹೇಳಿ ಕಳಿಸಿದೆ, ಅಷ್ಟೇ ಅಂದುಕೊಂಡೆ.

ಅದಾಗಿ ಒಂದು ತಿಂಗಳ ಮೇಲೆ, ಬೇರೆ ಯಾರದೋ ವಿಷಯಕ್ಕೆ ದೊಡ್ಡ ಡಾಕ್ಟರ ಫೋನ್ ಬಂತು. ಮಾತು ಮುಗಿಸುವಾಗ, "ಈಚೆಗೆ ನಿಮ್ಮಲ್ಲಿ ಜನ ಕಡಿಮೆಯಾದ ಹಾಗಿದೆ, ಫಿಲ್ಮುಗಳೇ ಬರುತ್ತಿಲ್ಲ" ಅಂದರು. ದಿನಕ್ಕೆ ಹತ್ತು ಹನ್ನೆರಡು ಕಳಿಸುತ್ತಿದ್ದವಳು ನಾನು.

ಇವರನ್ನು ಕರೆಸಿದೆವು. ಬಂದರು, ನೆಲದ ಮೇಲೆ ಕೂತರು, ತಂತಿ ಸವರಿದರು. ಹಸಿರು ಉಣ್ಣೆಯ ತಂತಿ ಕಿತ್ತರು, ಒಂದು ಚಿತ್ರ ಕಳಿಸಿ ಡಿಶ್ಶಿನ ಪೆಟ್ಟಿಗೆಯ ದೀಪ ಮಿಣುಕುತ್ತದೆಯೇ ಎಂದು ನೋಡಿದರು, ಹೋಯಿತು. ಮತ್ತೆ ಹಾಕಿ ಯಂತ್ರ ಬಂದ್ ಮಾಡಿ ಶುರು ಮಾಡಿದರು, ಹೋಗಲಿಲ್ಲ. ದಾರಿ ಕೇಳಿದರು. ಅಂಕಿಗಳ ಸಾಲು ಬಂತು. ಅವರ ತುಟಿ ಅಲ್ಲಾಡುತ್ತಿದ್ದುದು ನಿಂತಿತು.

"ಇದನ್ನ ನಾನ ಬರ್ದೀನಿ," ಅಂದರು.

ಅವರು ಆಮೇಲೆ ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಪ್ರತಿ ಕಾರ್ಡಿಗೂ ಕೆಲವು ಖಾನೆ ತುಂಬಬೇಕಾಗುತ್ತದೆ. ಅದರಲ್ಲಿ ಗೇಟ್‌ವೇ ಎಂದೊಂದು ಖಾನೆ. ಹೊರಗೆ ಹೋಗಬೇಕಾದುದನ್ನೆಲ್ಲ ಯಾರ ಕೈಗೆ ಕೊಡಬೇಕು ಎಂದು ಅಲ್ಲಿ ಬರೆಯುವುದು. ಡಿಶ್ಶಿನ ಕಾರ್ಡಿಗೆ ಅದು ಬೇಕು. ಫಿಲ್ಮು ಓದುವ ಯಂತ್ರದ ಕಾರ್ಡಿಗೆ ಬೇಡ, ಆ ತಂತಿ ಪಕ್ಕದ ಕೋಣೆಯಲ್ಲೇ ಮುಗಿಯುತ್ತದೆ, ಅಲ್ಲಿಂದ ಮುಂದೆ ದಾರಿಯಿಲ್ಲ. ಅದನ್ನು ಖಾಲಿ ಬಿಡಬೇಕಿತ್ತು. ಇವರು ಬಿಟ್ಟಿರಲಿಲ್ಲ. ಟೆಲಿಫೋನ್ ಇಲಾಖೆಯಲ್ಲಿ ಇದ್ದಷ್ಟು ವರ್ಷವೂ ರಿಜಿಸ್ಟರಿನ ಒಂದು ಕಾಲಂ ಖಾಲಿ ಬಿಟ್ಟರೆ ಮೆಮೋ ಬರುತ್ತಿತ್ತಂತೆ. ಏನೂ ಇಲ್ಲದಿದ್ದರೆ ಗೀಟಾದರೂ ಎಳೆಯಬೇಕು. ಇಲ್ಲಿ ಗೀಟು ಎಳೆಯಲು ಬರುವುದಿಲ್ಲ. ಖಾಲಿ ಖಾನೆ ನೋಡಿ ಮನಸ್ಸು ತಡೆಯದೆ, ಫಿಲ್ಮು ಓದುವ ಯಂತ್ರದ ವಿಳಾಸವನ್ನೇ ಅಲ್ಲಿ ಬರೆದಿದ್ದರು. ಮೊದಲ ದಿನ ಕಂಪ್ಯೂಟರು ಡಿಶ್ಶಿನ ದಾರಿ ಹಿಡಿದಿತ್ತು, ಪಾಸಾಯಿತು. ಕರೆಂಟು ಹೋಗಿ ಬಂದಾಗ ಒಮ್ಮೊಮ್ಮೆ ಇನ್ನೊಂದು ದಾರಿ ಹಿಡಿದುಬಿಡುತ್ತಿತ್ತು. ಆಗ ಕಳಿಸಿದ ಎದೆಯ ಚಿತ್ರಗಳೆಲ್ಲ ಪಕ್ಕದ ಕೋಣೆಯ ಯಂತ್ರದ ಬಾಗಿಲಿಗೆ ಹೋಗಿ ಅಲ್ಲೇ ಸತ್ತವು. ನಮ್ಮ ಪರದೆಯ ಮೇಲೆ ಮಾತ್ರ ಟಿಕ್ ಬೀಳುತ್ತಿತ್ತು; ಅದು ಕಳಿಸುವ ಸಾಲಿಗೆ ಸೇರಿತು ಎನ್ನುವ ಗುರುತು, ಮುಟ್ಟಿತು ಎನ್ನುವುದಲ್ಲ.

ಅವರು ಆ ಖಾನೆ ಅಳಿಸಿದರು. ಕಂಪ್ಯೂಟರಿನಲ್ಲಿ ಉಳಿದಿದ್ದ ಚಿತ್ರಗಳನ್ನೆಲ್ಲ ಒಂದೊಂದಾಗಿ ಮತ್ತೆ ಕಳಿಸಿದೆವು. ಪ್ರತಿಯೊಂದಕ್ಕೂ ಆ ಕಡೆಗೆ ಫೋನ್ ಹಚ್ಚಿ, "ಮುಟ್ಟಿತೇನ್ರಿ?" ಎಂದು ಕೇಳಿದರು. ಆ ಮಾತು ಅವರ ಬಾಯಲ್ಲಿ ನಾನು ಮೊದಲು ಕೇಳಿದ್ದು ಅವತ್ತೇ. ಸಂಜೆಯೊಳಗೆ ದೊಡ್ಡ ಡಾಕ್ಟರು ಮೂರು ಹೆಸರು ಹೇಳಿದರು. ಇಬ್ಬರಿಗೆ ಸಣ್ಣದು. ಹುಲಿಗೆವ್ವನದು ಕ್ಷಯ, ಧೂಳು ಮೊದಲೇ ತಿಂದಿದ್ದ ಎದೆ, ಎರಡೂ ಕಡೆ ಹರಡಿತ್ತು. "ಎರಡು ತಿಂಗಳು ಮೊದಲೇ ಸಿಕ್ಕಿದ್ದರೆ" ಎಂದು ಡಾಕ್ಟರು ಶುರು ಮಾಡಿ ಮಾತು ಮುಗಿಸಲಿಲ್ಲ.

ನಮ್ಮ ಮ್ಯಾನೇಜರು ಬಾಗಿಲು ಹಾಕಿ, "ಡಿಶ್ ಕೆಟ್ಟಿತ್ತು ಅಂತ ಹೇಳಿದ್ರ ಮುಗೀತು. ಮೋಡ ಇತ್ತು ಅನ್ರಿ," ಅಂದರು. ನಾನು ತಲೆ ಆಡಿಸಿದೆ. ಇವರು ಆಡಿಸಲಿಲ್ಲ. "ಡಿಶ್ ಏನ್ ಮಾಡೈತ್ರಿ ಪಾಪ," ಎಂದು ಚೀಲ ತಗೊಂಡು ಎದ್ದರು. ಹುಲಿಗೆವ್ವನ ಜೋಪಡಿಗೆ ನಾನೂ ಅವರೊಂದಿಗೆ ಜೀಪಿನಲ್ಲಿ ಹೋದೆ. ನಾನು ಇಳಿಯಲಿಲ್ಲ. ಜೀಪಿನಲ್ಲೇ ಕೂತು ನೋಡಿದೆ. ಇವರು ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದರು, ನೆಲದ ಮೇಲೆ ಕೂತರು. ಬಾಗಿಲಿಂದ ಅವರ ಬೆನ್ನಷ್ಟೇ ಕಾಣುತ್ತಿತ್ತು. ಬಹಳ ಹೊತ್ತು ಮಾತಾಡಿದರು. ಬಂದು ಕೂತ ಮೇಲೆ ನಾನು ಏನೆಂದಳು ಎಂದು ಕೇಳಿದೆ.

"ತಪ್ಪು ನಂದು ತಾಯಿ, ನಿನ್ನ ಫೋಟೋ ಹೋಗಿದ್ದಿಲ್ಲ ಅಂದೆ. ಈಗರ ಮುಟ್ಟೇತೇನಪಾ ಅಂತ ಕೇಳಿದ್ಲು. ಮುಟ್ಟೇತಿ ಅಂದೆ." ಅಷ್ಟು ಹೇಳಿ ಹೊರಗೆ ನೋಡತೊಡಗಿದರು. ಇನ್ನೇನಾದರೂ ಹೇಳಿದಳೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ದಾರಿಯುದ್ದಕ್ಕೂ ನನ್ನ ಮಾತು ಬಾಯಿಗೆ ಬಂದು ಬಂದು ಹೋಯಿತು. ಹೊಸಪೇಟೆ ಬಂತು, ಇಳಿದೆ.

ಹುಲಿಗೆವ್ವ ಔಷಧ ತಗೊಳ್ಳುತ್ತ ಕಂಪ್ಲಿಗೆ, ತಂಗಿಯ ಮನೆಗೆ ಹೋದಳು. ಇವರು ತಿಂಗಳಿಗೊಮ್ಮೆ ಮೊಪೆಡ್ ಹತ್ತಿ ಕಂಪ್ಲಿಗೆ ಹೋಗಿ ಗುಳಿಗೆ ಮುಟ್ಟಿಸಿ ಬರುತ್ತಿದ್ದರು. ಇವರು ರೈಸ್ ಮಿಲ್ಲಿನ ಕೆಲಸ ಹಿಡಿದಿದ್ದಾರೆ ಎಂದು ಜನ ಅಂದುಕೊಂಡರು. ಒಂದು ವರ್ಷವೂ ಆಗಲಿಲ್ಲ, ಅವಳು ಹೋದಳು. ಮಣ್ಣು ಕೊಟ್ಟು ಬಂದ ಮರುದಿನ ಇವರು ನಮ್ಮಲ್ಲಿಗೆ ಬಂದು, ಕೆಟ್ಟಿಲ್ಲದ ಕಂಪ್ಯೂಟರಿನ ಮುಂದೆ ಕೂತು, ಎರಡೂ ಕಾರ್ಡಿನ ಖಾನೆಗಳನ್ನು ತೆಗೆದು ನೋಡಿ ಹೋದರು. ನಾನು ಚಹಾ ತಂದುಕೊಟ್ಟೆ, ಅಷ್ಟೇ.

ಆಮೇಲೆ ಅವರು ಯಾವ ಕೆಲಸಕ್ಕೆ ಹೋದರೂ ಆ ಕಡೆಯ ಮನುಷ್ಯ ಮುಟ್ಟಿತು ಅನ್ನುವವರೆಗೆ ಏಳಲಿಲ್ಲ. ನಮ್ಮಲ್ಲಿಗೆ ಬಂದಾಗ ಇನ್ನೊಂದು ಅಭ್ಯಾಸವೂ ಇತ್ತು. ಕೆಲಸ ಮುಗಿಸಿ ಚಪ್ಪಲಿ ಮೆಟ್ಟಿ, ಬಾಗಿಲ ಹತ್ತಿರ ತಿರುಗಿ ನಿಂತು, "ಮತ್ತೇನರ ಐತೇನವ್ವ ಹೇಳೂದು?" ಎಂದು ಕೇಳುತ್ತಿದ್ದರು. ಪ್ರಿಂಟರಿನದೋ ಮೌಸಿನದೋ ತಕರಾರು ಇದೆಯೇ ಎಂದು ಕೇಳುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ಇಲ್ಲ ಸರ್ ಅನ್ನುತ್ತಿದ್ದೆ. ಗಣಿಗಳು ಬಂದ್ ಆಗಿ, ದವಾಖಾನೆ ಮುಚ್ಚಿ, ನಾನು ಹೊಸಪೇಟೆಯ ಒಂದು ನರ್ಸಿಂಗ್ ಹೋಮಿಗೆ ಸೇರಿದ ಮೇಲೂ ಅವರೇ ರಿಪೇರಿಗೆ ಬರುತ್ತಿದ್ದರು. ಅಲ್ಲಿಯೂ ಅದೇ ಬಾಗಿಲು, ಅದೇ ಪ್ರಶ್ನೆ. ಕಣ್ಣು ಮಂಜಾಗಿ ಕೆಲಸ ಬಿಟ್ಟ ಮೇಲೆ ಬರುವುದು ನಿಂತಿತು. ಒಮ್ಮೆ ಮನೆಗೆ ಹೋಗಿ ಹೇಳಿಬಿಡಬೇಕು ಅಂದುಕೊಂಡೆ. ಪ್ರತಿ ಭಾನುವಾರ ಅಂದುಕೊಂಡೆ.

ಮಾರ್ಕೆಟ್ಟಿನಲ್ಲಿ ಸುದ್ದಿ ಕೇಳಿದ ಮರುದಿನ ಅವರ ಮನೆಗೆ ಹೋದೆ. ಅವರ ಹೆಂಡತಿ ಚಾಪೆ ಹಾಸಿದರು. ಮೊಳೆಗೆ ಖಾಕಿ ಚೀಲ ತೂಗುಹಾಕಿತ್ತು, ಅದರ ಬಾಯಿಂದ ಹಳೆಯ ರಿಸೀವರ್ ಇಣುಕುತ್ತಿತ್ತು. ನಾನು ಯಾರೆಂದು ಹೇಳಿದೆ. ಕೂತಲ್ಲೇ ಎಲ್ಲವನ್ನೂ ಹೇಳಿದೆ. ಮೂರನೆಯ ಸಲ ಹುಲಿಗೆವ್ವ ಬಂದದ್ದು, ಬಳ್ಳಾರಿಗೆ ಹೋಗಲೇ ಎಂದು ಕೇಳಿದ್ದು, ಬಾರದ ಫೋನ್ ಬಂದಿದೆ ಎಂದು ನಾನು ಹೇಳಿದ್ದು. ಅಳು ಬಂತು, ಅತ್ತೆ. ಅವರ ಹೆಂಡತಿ ಎದ್ದು ಹೋಗಿ ತಂಬಿಗೆಯಲ್ಲಿ ನೀರು ತಂದುಕೊಟ್ಟರು.

"ಅವರಿಗೆ ಗೊತ್ತಿತ್ತವ್ವ," ಅಂದರು. "ಆ ಹೆಣ್ಮಗಳು ಅವತ್ತ ಜೋಪಡ್ಯಾಗ ಹೇಳಿದ್ಲಂತ. ಅಕ್ಕಾರು ಫೋನ್ ಬಂದೈತಿ ಅಂದ್ರು, ಅದಕ್ಕ ಬಳ್ಳಾರಿಗೆ ಹೋಗಲಿಲ್ಲ ಅಂತ."

"ಮತ್ತ ನನ್ನ ಯಾಕ ಕೇಳಲಿಲ್ಲ ಅವರು?"

"ಕೇಳ್ತೀನಿ ಅಂತಿದ್ರು. ನಿಮ್ಮಲ್ಲಿಗೆ ಬಂದಾಗೆಲ್ಲಾ ಬಾಗಲದಾಗ ನಿಂತು ಕೇಳೇ ಬರ್ತಿದ್ರಂತ. ಬಂದು ಕೈಕಾಲು ತೊಳಕೊಂಡು, ಇವತ್ತೂ ಹೇಳಲಿಲ್ಲ ಆಕಿ ಅಂತಿದ್ರು."

ಎಷ್ಟು ಸಲ ಕೇಳಿದ್ದರು ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಕೊನೆಯ ಸಲ ಮಾತ್ರ ಚೆನ್ನಾಗಿ ನೆನಪಿದೆ. ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲ ಚೌಕಟ್ಟು ಹಿಡಿದು, ಮಂಜಾದ ಕಣ್ಣಿನಿಂದ ನನ್ನ ಕಡೆ ನೋಡುತ್ತ ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿದ್ದರು. ನಾನು ಒಮ್ಮೆ ನೋಡಿ ಮತ್ತೆ ಫಿಲ್ಮಿಗೆ ತಲೆ ಬಗ್ಗಿಸಿದ್ದೆ.

"ಏನೂ ಇಲ್ಲ ಸರ್," ಅಂದಿದ್ದೆ. "ಎಲ್ಲಾ ಚೊಲೋ ಐತಿ."